ಘಟ್ಟ ಇಳಿಯದ ರೈಲು, ಬೆಳೆಯದ ಬಂದರು

ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಅದು ತೆಂಗು, ಅಡಿಕೆ, ಭತ್ತದ ನಾಡು. ಆದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯಿಂದ ಇಂಗ್ಲೆಂಡಿನವರೆಗಿನ ಮಾರುಕಟ್ಟೆಗಳಲ್ಲಿ 'ಕುಮಟಾ' ಎಂಬ ಹೆಸರಿನ ಹತ್ತಿ ಬಿಕರಿಯಾಗುತ್ತಿತ್ತು. ಅದನ್ನು ಬೆಳೆಯುತ್ತಿದ್ದವರು ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಎರೆಭೂಮಿಯ ರೈತರು. ಎತ್ತುಗಳ ಬೆನ್ನೇರಿ, ಚಕ್ಕಡಿಯೇರಿ ಘಟ್ಟ ಇಳಿದ ಅರಳೆ ಕುಮಟಾದಲ್ಲಿ ಪತ್ತೇಮಾರಿ ಹತ್ತಿ ಮುಂಬಯಿಗೆ ಹೋಗುತ್ತಿತ್ತು. ಹೀಗಾಗಿ ಬೆಳೆದ ಊರಿನ ಬದಲು ಹಡಗು ಹತ್ತಿದ ಊರಿನ ಹೆಸರೇ ಮಾಲಿಗೆ ಅಂಟಿಕೊಂಡಿತು.

ಹೆಸರು ದೊಡ್ಡದಾದರೂ ದಾರಿ ಕಷ್ಟದ್ದು. ಕುಮಟಾದಲ್ಲಿ ಹಡಗುಗಳಿಗೆ ಗಾಳಿಯ ಮರೆಯಿಲ್ಲ. ಮಳೆಗಾಲ ಬಂತೆಂದರೆ ಸಮುದ್ರವೂ ಬಂದ್, ಘಟ್ಟವೂ ಬಂದ್. ದಾರಿಯುದ್ದಕ್ಕೂ ಧೂಳು, ಮಳೆಹನಿ, ಉಪ್ಪುನೀರು ಕುಡಿದ ಅರಳೆಗೆ ಬೆಲೆ ಬರುವುದಾದರೂ ಹೇಗೆ? ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ನಮ್ಮ ರೈತರಲ್ಲ, ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು. ಅವರ ಗಿರಣಿಗಳು ಬಹುಮಟ್ಟಿಗೆ ನಡೆಯುತ್ತಿದ್ದುದು ಅಮೆರಿಕದ ಹತ್ತಿಯಿಂದ. ಅಲ್ಲಿ ಅಂತರ್ಯುದ್ಧದ ಕಾರ್ಮೋಡ ಕವಿಯುತ್ತಿದ್ದಂತೆ ಅವರ ಕಣ್ಣು ಧಾರವಾಡದ ಮೇಲೆ ಬಿತ್ತು. 1840ರ ದಶಕದಿಂದಲೇ ಅಲ್ಲಿ ಅಮೆರಿಕದ ತಳಿಯ ಹತ್ತಿಯೂ ಬೆಳೆಯುತ್ತಿತ್ತು.

ಗಡಿಯೇ ಗೋಡೆ

ಕುಮಟಾಕ್ಕಿಂತ ಉತ್ತರಕ್ಕೆ, ಕಾಳಿ ನದಿ ಕಡಲು ಸೇರುವಲ್ಲಿ ಕಾರವಾರ ಕೊಲ್ಲಿಯಿದೆ. ಗುಡ್ಡ ಮತ್ತು ನಡುಗಡ್ಡೆಗಳು ಆಸರೆಯಾಗಿರುವ ಈ ಕೊಲ್ಲಿ ಹೇಳಿ ಮಾಡಿಸಿದಂಥ ಬಂದರು. ಹದಿನೇಳನೆಯ ಶತಮಾನದಲ್ಲೇ ಇಂಗ್ಲಿಷರು ಇಲ್ಲಿ ಕೋಠಿ ತೆರೆದು ಕಾಳುಮೆಣಸು, ಬಟ್ಟೆಗಳ ವ್ಯಾಪಾರ ನಡೆಸಿದ್ದರು. ನದಿಯ ಉತ್ತರ ದಂಡೆಯ ಸದಾಶಿವಗಡದ ಹೆಸರಿನಿಂದಲೇ ಈ ಬಂದರನ್ನು ಮುಂದೆ ಅವರು ಗುರುತಿಸತೊಡಗಿದರು. ಇಲ್ಲಿಂದ ಧಾರವಾಡಕ್ಕೆ ಒಳ್ಳೆಯ ರಸ್ತೆಯಾದರೆ ಮುಂಬಯಿಯ ಹಂಗಿಲ್ಲದೆ ಹತ್ತಿ ನೇರವಾಗಿ ಹಡಗು ಹತ್ತಬಹುದು ಎಂಬುದು ಗಿರಣಿ ಮಾಲೀಕರ ಲೆಕ್ಕಾಚಾರ.

ಅಡ್ಡ ಬಂದದ್ದು ಘಟ್ಟವೊಂದೇ ಅಲ್ಲ, ನಕಾಶೆಯ ಮೇಲಿನ ಒಂದು ಗೆರೆ. ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು, ಕನ್ನಡ ಜಿಲ್ಲೆ ಮದರಾಸು ಪ್ರಾಂತದಲ್ಲಿ. ಮುಂಬಯಿ ಪ್ರಾಂತದ ಹತ್ತಿಗಾಗಿ ಮದರಾಸಿನ ಖಜಾನೆ ಯಾಕೆ ರಸ್ತೆ ಕಡಿಯಬೇಕು? ತನ್ನ ಮಾಲು ತನ್ನ ರಾಜಧಾನಿಯ ಬಂದರನ್ನು ಬಿಟ್ಟು ಬೇರೆಡೆ ಹೋಗಲೆಂದು ಮುಂಬಯಿ ಯಾಕೆ ಹಾರೈಸಬೇಕು? ಹೊಲ ಒಂದು ಸರ್ಕಾರದ್ದು, ದಡ ಇನ್ನೊಂದರದ್ದು. ನಡುವಿನ ಘಟ್ಟ ಯಾರದ್ದೂ ಅಲ್ಲ ಎಂಬಂತಿತ್ತು ಪರಿಸ್ಥಿತಿ.

ಮ್ಯಾಂಚೆಸ್ಟರಿನ ಒತ್ತಡ ಎಷ್ಟು ಬಲವಾಗಿತ್ತೆಂದರೆ ಕೊನೆಗೆ ಗಡಿಯೇ ಸರಿಯಿತು. ಕನ್ನಡ ಜಿಲ್ಲೆಯನ್ನು ಉತ್ತರ, ದಕ್ಷಿಣ ಎಂದು ಒಡೆಯಲಾಯಿತು. 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತು, ಕಾರವಾರ ಅದರ ಕೇಂದ್ರವಾಯಿತು. ಇಂದು ನಾವು ಉತ್ತರ ಕನ್ನಡ, ದಕ್ಷಿಣ ಕನ್ನಡ ಎಂದು ಸಹಜವಾಗಿ ಹೇಳುವ ಹೆಸರುಗಳ ಹಿಂದೆ ಹತ್ತಿಯ ಗಂಟೂ ಇದೆ ಎಂಬುದು ಎಷ್ಟು ಜನರಿಗೆ ಗೊತ್ತು?

ಕೂಸಿಗೆ ಮೊದಲೇ ಕುಲಾವಿ

1860ರಲ್ಲಿ ಹುಟ್ಟಿದ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನು ಹಡಗಿನಲ್ಲಿ ಸದಾಶಿವಗಡಕ್ಕೆ ಕಳಿಸಿಯೇಬಿಟ್ಟಿತು. 1861ರಲ್ಲಿ ಕಂಪನಿಯ ಪ್ರತಿನಿಧಿ ಹೇವುಡ್ ಬಂದಾಗ ದಡದಿಂದ ಹತ್ತಿಯ ನಾಡಿಗೆ ಗಾಡಿ ಓಡುವಂಥ ರಸ್ತೆಯೇ ಸಿದ್ಧವಾಗಿರಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತಾಗಿತ್ತು. ಮ್ಯಾಂಚೆಸ್ಟರಿನವರು ಸರ್ಕಾರವನ್ನು ದೂರಿದರು. ವ್ಯಾಪಾರಕ್ಕೆ ಬೇಕಾದ ಹಣವನ್ನು ವ್ಯಾಪಾರಿಗಳೇ ಹೂಡಲಿ ಎಂಬುದು ಸರ್ಕಾರದ ಧೋರಣೆಯಾಗಿತ್ತು. ಕಂಪನಿ ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು.

ಮುಂದೆ ಘಟ್ಟದ ರಸ್ತೆಗಳೇನೋ ಆದವು. ಕಾರವಾರದ ಎದುರಿನ ನಡುಗಡ್ಡೆಯಲ್ಲಿ 1864ರಲ್ಲಿ ದೀಪಸ್ತಂಭವೂ ಬೆಳಗಿತು. ಆದರೆ 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು, ಆತುರವೂ ಇಳಿಯಿತು. ಅಷ್ಟು ಹೊತ್ತಿಗೆ ಕಾಲವೇ ಬದಲಾಗಿತ್ತು. ರಸ್ತೆಯಿದ್ದರೆ ಸಾಲದು, ಬಂದರಿಗೆ ರೈಲು ಬೇಕು ಎನ್ನುವ ದಿನಗಳು ಬಂದಿದ್ದವು.

ರೈಲು ಬಂತು, ಆದರೆ ಕಾರವಾರಕ್ಕಲ್ಲ. 1878ರಲ್ಲಿ ಬ್ರಿಟಿಷರು ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡರು. ಅದರ ಫಲವಾಗಿ 1880ರ ದಶಕದ ಕೊನೆಗೆ ಹುಬ್ಬಳ್ಳಿ ಸೀಮೆಯ ರೈಲು ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಗೋವೆಯ ಮರ್ಮಗೋವಾ ಬಂದರಿಗೆ ಇಳಿಯಿತು. ಕ್ಯಾಸಲ್‌ರಾಕ್ ಇರುವುದು ಉತ್ತರ ಕನ್ನಡದಲ್ಲೇ! ಹೀಗೆ ಜಿಲ್ಲೆಯ ಒಂದು ಮೂಲೆಯಿಂದಲೇ ಘಟ್ಟ ಇಳಿದ ರೈಲು ಜಿಲ್ಲೆಯ ಬಂದರನ್ನು ಮುಟ್ಟಲಿಲ್ಲ. ಬಂದರಿಗಾಗಿ ಗಡಿಯನ್ನೇ ಬದಲಿಸಿದ ಸರ್ಕಾರ ಸುಮಾರು ಇಪ್ಪತ್ತೈದು ವರ್ಷಗಳಲ್ಲಿ ಮಾಲನ್ನು ಪರದೇಶಿಯ ಬಂದರಿಗೆ ಹರಿಸಿತು. ಕಾರವಾರಕ್ಕೆ ಉಳಿದದ್ದು ಕಚೇರಿಗಳು ಮತ್ತು ಸುಂದರ ಕಡಲತೀರ.

ಮಂಗಳೂರಿನ ದಾರಿ ಬೇರೆ

ಏಕೀಕರಣದ ನಂತರ ರಾಜ್ಯಕ್ಕೊಂದು ದೊಡ್ಡ ಬಂದರು ಬೇಕೆಂಬ ಕೂಗು ಎದ್ದಿತು. ಆ ಭಾಗ್ಯ ಒಲಿದದ್ದು ಮಂಗಳೂರಿನ ಪಣಂಬೂರಿಗೆ. ನವಮಂಗಳೂರು 1974ರಲ್ಲಿ ದೊಡ್ಡ ಬಂದರು ಎಂದು ಘೋಷಣೆಯಾಗಿ, 1975ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. 1979ರಲ್ಲಿ ಹಾಸನ-ಮಂಗಳೂರು ರೈಲು ಘಟ್ಟವನ್ನು ಸೀಳಿಕೊಂಡು ಬಂತು. ಕುದುರೆಮುಖದ ಅದಿರಂತೂ ನೀರಿನೊಡನೆ ಕಲಸಿಕೊಂಡು ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಹರಿದು ಬಂದರು ಸೇರಿತು. ಬಂದರು, ರೈಲು, ಸರಕು ಮೂರನ್ನೂ ಒಂದೇ ಕಾಲದಲ್ಲಿ ಯೋಚಿಸಿದ್ದಕ್ಕೆ ಸಿಕ್ಕ ಫಲವಿದು. ಆದರೆ ಅದಕ್ಕೂ ಬೆಲೆಯಿತ್ತು. ಕಾಡಿನ ನಡುವಿನ ಆ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು.

ಕಾರವಾರದ ಕಡೆ ರೈಲಿನ ಆಸೆ ಮತ್ತೆ ಚಿಗುರಿದ್ದು 1990ರ ದಶಕದಲ್ಲಿ, ಹುಬ್ಬಳ್ಳಿ-ಅಂಕೋಲಾ ಮಾರ್ಗ ಮಂಜೂರಾದಾಗ. ಆದರೆ ಆ ಹಾದಿಯಲ್ಲಿರುವುದು ಪಶ್ಚಿಮಘಟ್ಟದ ದಟ್ಟ ಕಾಡು. ಯೋಜನೆ ಅನುಮತಿ, ಆಕ್ಷೇಪ, ನ್ಯಾಯಾಲಯಗಳ ನಡುವೆ ದಶಕಗಳನ್ನೇ ಕಳೆಯಿತು. ಸರಕು ಮಾತ್ರ ಯಾರಿಗೂ ಕಾಯಲಿಲ್ಲ. 2000ದ ದಶಕದಲ್ಲಿ ಚೀನಾದಿಂದ ಬೇಡಿಕೆ ಬಂದಾಗ ಬಳ್ಳಾರಿ, ಹೊಸಪೇಟೆಯ ಅದಿರು ಲಾರಿಗಳಲ್ಲಿ ಅರಬೈಲು ಘಟ್ಟ ಇಳಿದು ಬೇಲೇಕೇರಿ ಮತ್ತು ಕಾರವಾರ ಸೇರಿತು. ರಸ್ತೆ ಹಾಳಾಯಿತು, ದಾರಿಯ ಊರುಗಳು ಕೆಂಧೂಳು ಕುಡಿದವು. ಅಕ್ರಮ ರಫ್ತು ಬಯಲಿಗೆ ಬಂದು 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು. ರೈಲು ತರದೇ ಉಳಿಸಿಕೊಂಡೆವೆಂದುಕೊಂಡ ನೆಮ್ಮದಿಯನ್ನು ಲಾರಿಗಳು ಕಸಿದವು.

ಕೇಳದೇ ಉಳಿದವರು

ಹಾಗೆಂದು ರೈಲೊಂದೇ ಮದ್ದು ಎನ್ನುವಂತಿಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಕುಸಿದು ಜೀವಗಳು ಹೋದವು. ಈ ನೆಲದಲ್ಲಿ ಗುಡ್ಡ ಕಡಿಯುವ ಮುನ್ನ ಎಷ್ಟು ಎಚ್ಚರ ಬೇಕೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 2020ರ ಜನವರಿಯಲ್ಲಿ ಕಾರವಾರದ ಮೀನುಗಾರರು ಬಂದರು ವಿಸ್ತರಣೆಯ ವಿರುದ್ಧ ಬೀದಿಗಿಳಿದಾಗ ಅವರು ಹೇಳಿದ್ದೂ ಇಷ್ಟೇ: ನಮ್ಮ ಕಡಲತೀರವನ್ನು ನಮ್ಮನ್ನು ಕೇಳದೆ ಮುಟ್ಟಬೇಡಿ.

1862ರಲ್ಲಿ ಎರಡು ಪ್ರಾಂತಗಳ ನಡುವೆ ಇದ್ದ ಗೆರೆ ಈಗ ಇಲಾಖೆಗಳ ನಡುವೆ ಇದೆ. ಕಾರವಾರದಂಥ ಸಣ್ಣ ಬಂದರು ರಾಜ್ಯದ್ದು, ರೈಲು ಕೇಂದ್ರದ್ದು, ಕಾಡಿಗೆ ಇಬ್ಬರ ಒಪ್ಪಿಗೆಯೂ ಬೇಕು. ಒಬ್ಬೊಬ್ಬರೂ ತಮ್ಮ ಪಾಲಿನ ನಕಾಶೆ ಬರೆಯುತ್ತಾರೆ. ಸರಕಿಗೆ ಮಾತ್ರ ಹೊಲದಿಂದ ಹಡಗಿನವರೆಗೆ ಇರುವುದು ಒಂದೇ ದಾರಿ.

ಬಂದರನ್ನು ಬೆಳೆಸುವುದು ಎದುರಿನ ಕಡಲಲ್ಲ, ಬೆನ್ನಿಗಿರುವ ದಾರಿ. ಕಾರವಾರ ನೂರಾ ಅರವತ್ತು ವರ್ಷಗಳಿಂದ ಹೇಳುತ್ತಿರುವ ಪಾಠ ಇದು. ಆ ದಾರಿಯಲ್ಲಿ ಕಾಡಿದೆ, ಗುಡ್ಡವಿದೆ, ಬಲೆ ಒಣಗಿಸುವ ಜನರಿದ್ದಾರೆ. ಅಂದು ಮ್ಯಾಂಚೆಸ್ಟರಿನವರು ಯಂತ್ರ ತಂದಿಳಿಸಿದ ಮೇಲೆ ದಾರಿಯನ್ನು ನೆನೆದರು. ನಾವಾದರೂ ಯೋಜನೆಯ ಮೊದಲ ಪುಟದಲ್ಲೇ ಅದನ್ನು ನೆನೆಯಬಾರದೇ?