ದ್ರಾಕ್ಷಿ ಚಪ್ಪರದ ಕೆಳಗಿನ ಕಸ

ಹೈದರಾಬಾದಿನಲ್ಲಿ ಹಿತ್ತಲುಳ್ಳ ಮನೆಗಳಲ್ಲಿ ಬಾಳಿದ ಕನ್ನಡ ಕುಟುಂಬಗಳಿಗೆ ದ್ರಾಕ್ಷಿಯ ಚಪ್ಪರ ಹೊಸ ಸಂಗತಿಯಲ್ಲ. ನಮ್ಮ ಹಿರಿಯರು ಬೀದರದ ಕಡೆಯಿಂದ ಬಂದು ಇಲ್ಲಿ ನೆಲಸಿದಾಗ ಹಿಡಿದ ಬಾಡಿಗೆ ಮನೆಯ ಹಿತ್ತಲಲ್ಲಿಯೂ ಒಂದು ಬಳ್ಳಿ ಇತ್ತು. ಕಲ್ಲಿನ ಕಂಬ, ಮೇಲೆ ತಂತಿ, ತಂತಿಯ ತುಂಬ ಎಲೆ. ಬಿಸಿಲು ಏರುವ ಹೊತ್ತಿಗೆ ಎಲೆಗಳ ಸಂದಿನಿಂದ ಇಳಿಬೀಳುವ ತಿಳಿಹಳದಿ ಗೊಂಚಲು. ಆ ಬಳ್ಳಿಯನ್ನು ನೆನೆಯುವವರು ನಮ್ಮಲ್ಲಿ ಬಹಳ ಮಂದಿ. ಅದರ ಬುಡದಲ್ಲಿ ಬೆಳೆಯುತ್ತಿದ್ದ ಕಸವನ್ನು ನೆನೆಯುವವರು ಯಾರೂ ಇಲ್ಲ. ಆ ಕಸಕ್ಕೂ ಒಂದು ಚರಿತ್ರೆ ಇದೆ. ಬಳ್ಳಿಯ ಚರಿತ್ರೆಗಿಂತ ಅದೇ ಹೆಚ್ಚು ಸ್ವಾರಸ್ಯವಾದುದೆಂದು ನಮಗೆ ತೋರುತ್ತದೆ.

ಬಳ್ಳಿಯದನ್ನು ಬೇಗ ಹೇಳಿ ಮುಗಿಸೋಣ. ದಖ್ಖನಿಗೆ ದ್ರಾಕ್ಷಿ ಹಳೆಯದು. 14ನೆಯ ಶತಮಾನದಲ್ಲಿ ದೌಲತಾಬಾದನ್ನು ಕಂಡ ಇಬ್ನ್ ಬತೂತ ಅಲ್ಲಿ ದ್ರಾಕ್ಷಿಯೂ ದಾಳಿಂಬೆಯೂ ವರ್ಷಕ್ಕೆ ಎರಡು ಸಲ ಫಲಿಸುತ್ತವೆಂದು ಬರೆದಿಟ್ಟಿದ್ದಾನೆ. ಹೈದರಾಬಾದಿಗೆ ಹೆಸರು ತಂದದ್ದು ಮಾತ್ರ ಅನಾಬ್-ಎ-ಶಾಹಿ, ಎಂದರೆ ರಾಜದ್ರಾಕ್ಷಿ. 1890ರ ಸುಮಾರಿಗೆ ಅಬ್ದುಲ್ ಬಾಕರ್ ಖಾನ್ ಎಂಬುವರು ಅದನ್ನು ಮಧ್ಯಪ್ರಾಚ್ಯದಿಂದ ತಂದರೆಂದು ತೋಟಗಾರಿಕೆಯ ಪುಸ್ತಕಗಳು ಹೇಳುತ್ತವೆ. ಏಪ್ರಿಲಿಗೊಮ್ಮೆ, ಅಕ್ಟೋಬರಿಗೊಮ್ಮೆ ಕತ್ತರಿ ಆಡಿಸಬೇಕು. ಬುಡದ ಪಾತಿಗೆ ತಪ್ಪದೆ ನೀರು ಕೊಡಬೇಕು. ಈ ನೀರಿನ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಬಳ್ಳಿಗೆಂದು ಹಾಕಿದ ನೀರನ್ನು ಕುಡಿಯಲು ಬಂದವರ ಕಥೆಯೇ ಮುಂದಿನದು.

ಬೆಂಗಳೂರಿನ ಕಡೆಯವರು ಕಳೆ ಕೀಳುವುದು ಎನ್ನುತ್ತಾರೆ. ನಾವು ಕಸ ತೆಗೆಯುವುದು ಎನ್ನುತ್ತೇವೆ. ಹಿತ್ತಲಿನ ಹಳೆಯ ಕಸವೆಂದರೆ ಎರಡೇ, ಕರಿಕೆ ಮತ್ತು ಜೇಕು. ಕರಿಕೆಯನ್ನು ಚೌತಿಯ ದಿನ ಎಣಿಸಿ ಎಣಿಸಿ ಗಣಪತಿಗೆ ಏರಿಸುತ್ತಿದ್ದೆವು. ಮರುವಾರ ಅದನ್ನೇ ಬೈಯುತ್ತ ಕೀಳುತ್ತಿದ್ದೆವು. ಜೇಕಿನ ಎಲೆ ಕಿತ್ತರೆ ಫಲವಿಲ್ಲ, ಗಡ್ಡೆ ಮಣ್ಣಿನಲ್ಲೇ ಉಳಿದು ಮತ್ತೆ ಚಿಗುರುತ್ತದೆ. ಕುರ್ಪಿ ಹಿಡಿದು ಕೂತರೆ ಒಂದು ಪಾತಿಗೆ ಒಂದು ಮುಂಜಾನೆ. ಆದರೂ ಇವು ಪರಿಚಿತ ಶತ್ರುಗಳು. ಇವುಗಳಿಂದ ಯಾರಿಗೂ ಜಡ್ಡು ಬಂದದ್ದಿಲ್ಲ.

1970ರ ದಶಕದಲ್ಲಿ ಪಾತಿಯ ಅಂಚಿನಲ್ಲಿ ಒಂದು ಹೊಸ ಸಸಿ ಕಾಣಿಸಿತು. ಎಲೆ ನೆಲಕ್ಕೆ ಚಕ್ರದಂತೆ ಹಾಸಿಕೊಂಡು ಸೀಳುಸೀಳಾಗಿ ಚೆಂದವಾಗಿತ್ತು. ಸೇವಂತಿಗೆ ತಾನಾಗಿ ಹುಟ್ಟಿದೆ ಎಂದು ನಮ್ಮ ಅವ್ವ ಅದಕ್ಕೆ ಬೇರೆಯಾಗಿ ನೀರು ಹಾಕಿದಳು. ವಾಚಕರು ನಗಬಾರದು, ಆ ಎಲೆ ನೋಡಿ ಮೋಸಹೋದವರು ನಾವೊಬ್ಬರೇ ಅಲ್ಲ. ತಿಂಗಳೊಪ್ಪತ್ತಿನಲ್ಲಿ ಅದು ಎದ್ದು ನಿಂತು ಸಣ್ಣ ಬಿಳಿ ಹೂ ಬಿಟ್ಟಿತು. ನೆರೆಮನೆಯ ತೆಲುಗು ಅಜ್ಜಿ ಗೋಡೆಯಾಚೆಯಿಂದ ನೋಡಿ, ವಯ್ಯಾರಿಭಾಮ ನಿಮ್ಮ ಮನೆಗೂ ಬಂದಳೇ ಎಂದು ನಕ್ಕಳು. ಒಯ್ಯಾರದ ಹೆಣ್ಣು ಎಂದು ಅದರ ಅರ್ಥ. ಉರ್ದು ಮಾತಾಡುವವರಿಗೆ ಅದು ಗಾಜರ್ ಘಾಸ್, ಗಜ್ಜರಿಯ ಹುಲ್ಲು. ಊರಿನಿಂದ ಬಂದ ನೆಂಟರು ಕಾಂಗ್ರೆಸ್ ಕಸ ಎಂದರು. ಬಿಳಿ ಹೂವಿನ ತಲೆಗಳು ಗಾಂಧಿ ಟೋಪಿಯಂತೆ ಕಾಣುವುದರಿಂದ ಆ ಹೆಸರು ಬಂತೆಂದು ಕೆಲವರ ವಿವರಣೆ. ಶಾಸ್ತ್ರದ ಹೆಸರು ಪಾರ್ಥೇನಿಯಂ.

ನಮ್ಮ ಕಾಕಾ ನಿವೃತ್ತರಾದ ಹೊಸದರಲ್ಲಿ ಈ ಕಸದ ಮೇಲೆ ಯುದ್ಧ ಸಾರಿದರು. ದಿನಾ ಬೆಳಿಗ್ಗೆ ಬರಿಗೈಯಿಂದ, ಹೂ ತುಂಬಿದ ಗಿಡಗಳನ್ನೇ ಕಿತ್ತು ತೋಳಿನಲ್ಲಿ ಅವುಚಿಕೊಂಡು ಹೋಗಿ ಗೋಡೆಯಾಚೆ ಒಗೆಯುತ್ತಿದ್ದರು. ಕೆಲವು ವಾರಗಳಲ್ಲಿ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳೆಲ್ಲ ಕೆಂಪಾಗಿ ತುರಿಸಿ ಚರ್ಮ ದಪ್ಪಗಾಯಿತು. ಒಬ್ಬ ವೈದ್ಯರು ಬಿಸಿಲೆಂದರು, ಇನ್ನೊಬ್ಬರು ಸಾಬೂನು ಬದಲಿಸಿರೆಂದರು. ಕಾಕಾ ಮಾತ್ರ ಸಾಬೂನು ಬದಲಿಸಿಕೊಂಡು ಮತ್ತೆ ಕಸಕ್ಕೇ ಹೋದರು! ಗಿಡದಲ್ಲಿರುವ ಪಾರ್ಥೇನಿನ್ ಎಂಬ ವಸ್ತುವಿನಿಂದ ಕೆಲವರಿಗೆ ಇಂಥ ಚರ್ಮರೋಗ ಬರುತ್ತದೆಂದು, ಪರಾಗದಿಂದ ಸೀನು ಉಬ್ಬಸಗಳೂ ಬರುತ್ತವೆಂದು ಅಷ್ಟರಲ್ಲಾಗಲೇ ಪುಣೆಯ ಕಡೆಯಿಂದ ವರದಿಗಳು ಬಂದಿದ್ದವು. ನಮ್ಮ ಹಿತ್ತಲಿಗೆ ಆ ಸುದ್ದಿ ತಲುಪುವುದರೊಳಗೆ ಕಾಕಾ ಎರಡು ಬೇಸಿಗೆ ನರಳಿದರು.

ಈ ಗಿಡ ಬಂದದ್ದೆಲ್ಲಿಂದ? ಮೂಲ ಅಮೆರಿಕ ಖಂಡದ್ದು. 1955ರಲ್ಲಿ ಪುಣೆಯಲ್ಲಿ ಕಂಡದ್ದನ್ನು ಸಸ್ಯಶಾಸ್ತ್ರಜ್ಞ ಆರ್. ಎಸ್. ರಾವ್ ಅವರು 1956ರಲ್ಲಿ ಪ್ರಕಟಿಸಿದರು. ಪಿ.ಎಲ್. 480 ಒಪ್ಪಂದದ ಗೋಧಿಯ ಜೊತೆಗೆ ಬಂತೆಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ನಾವೂ ಬಹುಕಾಲ ಹಾಗೆಯೇ ಹೇಳುತ್ತಿದ್ದೆವು. ಆದರೆ ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿದ್ದು 1956ರ ಆಗಸ್ಟಿನಲ್ಲಿ. ಗಿಡ ಅದಕ್ಕೂ ಮೊದಲೇ ಪುಣೆಯಲ್ಲಿತ್ತು. 1951ರ ಸಾಲದ ಗೋಧಿಯಲ್ಲಿ ಬಂದಿರಬಹುದು ಎಂದರೆ ಕಾಲ ಹೊಂದುತ್ತದೆ. ಅದೂ ಸಾಲದೆಂಬಂತೆ, 1814ರಲ್ಲಿ ಅಚ್ಚಾದ ರಾಕ್ಸ್‌ಬರ್ಗನ ಕಲ್ಕತ್ತಾ ಸಸ್ಯೋದ್ಯಾನದ ಪಟ್ಟಿಯಲ್ಲಿಯೂ ಇದರ ಹೆಸರು ಸಿಕ್ಕಿದೆ. ಮೊದಲು ಬಂದದ್ದೊಂದು, ಹಬ್ಬಿದ್ದೊಂದು ಇರಬೇಕು. 1956ರ ನವೆಂಬರ್ 1ರಂದು ಬೀದರ, ಗುಲಬರ್ಗಾ, ರಾಯಚೂರುಗಳು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಮೈಸೂರಿಗೆ ಸೇರಿದವು; ಮನುಷ್ಯರು ಗಡಿ ಎಳೆದುಕೊಳ್ಳುತ್ತಿದ್ದ ಆ ದಿನಗಳಲ್ಲಿಯೇ ಈ ಗಿಡ ಗಡಿ ಕೇಳದೆ ಹೊರಟಿತ್ತು. ಒಂದು ಗಿಡ 15,000ಕ್ಕೂ ಮೇಲ್ಪಟ್ಟು ಬೀಜ ಬಿಡುತ್ತದೆ. ಲಾರಿಯ ಗಾಲಿ, ಗೊಬ್ಬರದ ಗಾಡಿ, ಕಾಲುವೆ ನೀರು, ಯಾವುದಾದರೂ ಸರಿ.

ಕರ್ನಾಟಕ ಸರ್ಕಾರ 1970ರ ದಶಕದಲ್ಲಿ ಕಾಯಿದೆಯ ಮೂಲಕ ಇದನ್ನು ಪೀಡೆಯ ಕಳೆಯೆಂದು ಸಾರಿತು. ಕಾಯಿದೆಗೆ ಗಿಡ ಹೆದರಲಿಲ್ಲ. ಆಗ ವಿಜ್ಞಾನಿಗಳಿಗೆ ನೆನಪಾದದ್ದು ಹಳೆಯ ಉಪಾಯ. ಪಾಪಾಸುಕಳ್ಳಿಯೂ ಅಮೆರಿಕದ್ದೇ. 1795ರಲ್ಲಿ ಕೆಂಪು ಬಣ್ಣಕ್ಕಾಗಿ ಇಂಗ್ಲಿಷರು ಬಂಗಾಳಕ್ಕೆ ತಂದ ಕೀಟ ಒಳ್ಳೆಯ ಬಣ್ಣ ಕೊಡಲಿಲ್ಲ, ಆದರೆ ಒಂದು ಜಾತಿಯ ಕಳ್ಳಿಯನ್ನು ತಿಂದುಹಾಕಿತು. 1836ರಿಂದ 1838ರ ಹೊತ್ತಿಗೆ ಅದನ್ನು ದಕ್ಷಿಣಕ್ಕೂ ತಂದರು. ಇನ್ನೊಂದು ಜಾತಿಯ ಕಳ್ಳಿ ಉಳಿದಾಗ 1926ರಲ್ಲಿ ಸಿಂಹಳದಿಂದ ಅದರ ಸೋದರ ಕೀಟವನ್ನು ತರಿಸಿದರು. ಇದೇ ದಾರಿಯಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1983ರಲ್ಲಿ ಮೆಕ್ಸಿಕೋದಿಂದ ಒಂದು ಜೀರುಂಡೆಯನ್ನು ತರಿಸಿ, ಪರೀಕ್ಷಿಸಿ, 1984ರಲ್ಲಿ ಬಯಲಿಗೆ ಬಿಟ್ಟಿತು. ಮಾಸಲು ಬಿಳುಪಿನ ಬೆನ್ನು, ಅದರ ಮೇಲೆ ಕಂದು ಗೀಟು, ಕಡಲೆಕಾಳಿಗಿಂತ ಚಿಕ್ಕದು. ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಸುತ್ತ ಗಿಡಗಳು ಎಲೆಯಿಲ್ಲದೆ ನಿಂತವು. 1990ರ ದಶಕದ ಮೊದಲಲ್ಲಿ ಅದು ಸೂರ್ಯಕಾಂತಿಯ ಎಲೆಯನ್ನೂ ಕಡಿಯುತ್ತದೆಂದು ದೊಡ್ಡ ಗದ್ದಲವೆದ್ದು, ಬಿಡುಗಡೆ ನಿಂತು, ವಿಚಾರಣೆಯಾಗಿ, ಬೆಳೆಗೆ ಅಪಾಯವಿಲ್ಲವೆಂದು ತೀರ್ಮಾನವಾಯಿತು.

ಆ ಜೀರುಂಡೆ ಈ ಕಡೆಗೂ ಹಬ್ಬಿತು. ಆದರೆ ಅದು ಮಳೆಗಾಲದ ಕೆಲಸಗಾರ. ಒಣಹವೆ ಬಂದರೆ ಮಣ್ಣಿನೊಳಗೆ ಹೋಗಿ ನಿದ್ರೆ ಮಾಡುತ್ತದೆ. ಬಯಲಿನ ಕಸಕ್ಕೆ ಅಷ್ಟು ಸಾಕು. ದ್ರಾಕ್ಷಿಯ ಪಾತಿಗೆ ಸಾಲದು, ಏಕೆಂದರೆ ಬಯಲೆಲ್ಲ ಒಣಗಿದಾಗಲೂ ಪಾತಿ ನೆನೆದೇ ಇರುತ್ತದೆ, ಅಲ್ಲಿ ಈ ಗಿಡ ವರ್ಷವೆಲ್ಲ ಹುಟ್ಟುತ್ತದೆ. ಉಪ್ಪುನೀರು ಹೊಡೆಯಿರೆಂದು ಹೇಳುವವರಿದ್ದಾರೆ. ಲೀಟರಿಗೆ 200 ಗ್ರಾಂ ಉಪ್ಪು ಹಾಕಿ ಖಾಲಿ ನಿವೇಶನದಲ್ಲಿ ಹೊಡೆದರೆ ಗಿಡ ಸಾಯುವುದು ನಿಜ; ಬಳ್ಳಿಯ ಬುಡದಲ್ಲಿ ಹೊಡೆದರೆ ಬಳ್ಳಿಯೂ ಕೆಡುತ್ತದೆ, ದ್ರಾಕ್ಷಿಗೆ ಉಪ್ಪು ಆಗದು. ಕಡೆಗೆ ಉಳಿಯುವುದು ಕೈಯೇ. ಕಾಕಾ ಮಾಡಿದ್ದು ತಪ್ಪು ಕೆಲಸವಲ್ಲ, ತಪ್ಪು ಹೊತ್ತಿನ ಕೆಲಸ. ಎಲೆ ಇನ್ನೂ ನೆಲಕ್ಕೆ ಹಾಸಿಕೊಂಡಿರುವಾಗ, ಹೂವಿಗೆ ಮೊದಲು, ಮಣ್ಣು ಹಸಿಯಿದ್ದಾಗ, ಕೈಚೀಲ ತೊಟ್ಟು, ತುಂಬುತೋಳಿನ ಅಂಗಿ ಹಾಕಿಕೊಂಡು ಬೇರುಸಹಿತ ಎತ್ತಬೇಕು. ಹೂವಾಗದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಒಮ್ಮೆ ಮೈಗೆ ಆಗದವರು ಮಾತ್ರ ಆ ಕಡೆ ಹೋಗಲೇಬಾರದು.

ಕಾಕಾ ಆಮೇಲೆ ಹಿತ್ತಲಿಗೆ ಇಳಿಯಲಿಲ್ಲ. ಕಟ್ಟೆಯ ಮೇಲೆ ಕೂತು, ಅಲ್ಲೊಂದು ಬಿಟ್ಟಿರಿ, ಇಲ್ಲೊಂದು ಬಿಟ್ಟಿರಿ ಎಂದು ಬೆರಳು ತೋರಿಸುತ್ತಿದ್ದರು. ಮನೆಯ ಮಾಲೀಕರು ಜಾಗ ಮಾರಿದಾಗ ಚಪ್ಪರವೂ ಹೋಯಿತು, ಈಗ ಅಲ್ಲಿ ಐದು ಅಂತಸ್ತಿನ ಫ್ಲ್ಯಾಟುಗಳಿವೆ. ನಮ್ಮ ಈಗಿನ ಮನೆಯ ತಾರಸಿಯಲ್ಲಿ ಮೊಮ್ಮಗಳು ಹೋದ ಮಳೆಗಾಲ ಕುಂಡದಲ್ಲಿ ಒಂದು ದ್ರಾಕ್ಷಿಯ ಕಡ್ಡಿ ನೆಟ್ಟಳು. ಮಣ್ಣನ್ನು ಚೀಲದಲ್ಲಿ ಕೊಂಡು ತಂದದ್ದು. ಕಡ್ಡಿ ಚಿಗುರುವ ಮೊದಲೇ ಕುಂಡದ ಅಂಚಿನಲ್ಲಿ ಸೀಳೆಲೆಯ ಮೂರು ಸಸಿಗಳು ಎದ್ದವು. ಅಜ್ಜಾ, ಸೇವಂತಿಗೆ ಬಂದಿದೆ ನೋಡಿ ಎಂದು ಆಕೆ ನಮ್ಮನ್ನು ಕರೆದಳು.