37 ಡಿಗ್ರಿ ನೀರು, ಬಳ್ಳಾರಿ ಬಿಸಿಲು

ರಿಪೋರ್ಟ್ ಕೈಗೆ ಬಂದ ಕೂಡಲೇ ಸಿರುಗುಪ್ಪ, ಕುರುಗೋಡಿನವರು ದಪ್ಪ ಅಕ್ಷರದ ಅಂಕಿ ನೋಡುತ್ತಾರೆ. ಎಸ್‌ಜಿಪಿಟಿ 62 ಎಂದಿದ್ದರೆ ಮುಗಿಯಿತು: "ಲಿವರ್ ಹೋತೇನ್ರೀ ಸರ?" ಲ್ಯಾಬಿನಲ್ಲೇ ತಲೆ ನರೆಸಿಕೊಂಡ ನನ್ನ ಕಣ್ಣು ಮಾತ್ರ ಪಕ್ಕದ ಸಣ್ಣಕ್ಷರದ 'ನಾರ್ಮಲ್' ಸಾಲಿಗೆ ಹೋಗುತ್ತದೆ. ಆ ಸಾಲು ಮನುಷ್ಯರು ಎಳೆದ ಗೆರೆ. ಎಳೆದ ಮೇಲೂ ಸರಿಯುತ್ತ ಬಂದಿದೆ.

ನ್ಯೂಯಾರ್ಕಿನ ಆರ್ಥರ್ ಕಾರ್ಮೆನ್ ಮತ್ತು ಸಂಗಡಿಗರು 1954-55ರಲ್ಲಿ ರಕ್ತದಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳನ್ನು ಅಳೆದರು. ಮೊದಲು ಗಮನ ಸೆಳೆದದ್ದು ಹೃದಯಾಘಾತ, ಲಿವರ್ ಆಮೇಲೆ. ಅವರ ವಿಧಾನಕ್ಕೆ ದುಬಾರಿ ಯಂತ್ರ ಬೇಕಿತ್ತು. 1957ರಲ್ಲಿ ರೈಟ್‌ಮನ್, ಫ್ರಾಂಕೆಲ್ ಬಣ್ಣದ ವಿಧಾನ ಕೊಟ್ಟ ಮೇಲೆ ಸಾದಾ ಕಲರಿಮೀಟರ್ ಇದ್ದ ಲ್ಯಾಬಿಗೂ ಅದು ಎಟುಕಿತು. ಬಳ್ಳಾರಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದು 1961ರಲ್ಲಿ.

ನಾನು ಕೆಲಸ ಕಲಿತದ್ದು ಆ ಬಣ್ಣದ ವಿಧಾನದಲ್ಲೇ. ಸೀರಮ್ಮನ್ನು ದ್ರಾವಣಕ್ಕೆ ಬೆರೆಸಿ 37 ಡಿಗ್ರಿ ವಾಟರ್ ಬಾತ್‌ನಲ್ಲಿಡಬೇಕು: ಎಸ್‌ಜಿಪಿಟಿಗೆ 30 ನಿಮಿಷ, ಎಸ್‌ಜಿಒಟಿಗೆ 60. ಆಮೇಲೆ ಬಣ್ಣ ಹುಟ್ಟಿಸುವ ರಾಸಾಯನಿಕ, ಕೊನೆಗೆ ಕ್ಷಾರ. ಕೊಳವೆಯಲ್ಲಿ ಕಂದು ಬಣ್ಣ ಏಳುತ್ತಿತ್ತು. ಕಿಣ್ವ ಹೆಚ್ಚಿದ್ದಷ್ಟೂ ಬಣ್ಣ ಗಾಢ. ಆದರೆ ವಾಟರ್ ಬಾತ್ ನೀರು ಕಾಯಿಸುತ್ತದೆಯೇ ಹೊರತು ತಣಿಸುವುದಿಲ್ಲ. ಬಳ್ಳಾರಿಯ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಮುಟ್ಟಿದರೆ ನೀರು 37ರಲ್ಲಿ ನಿಲ್ಲುವುದು ಹೇಗೆ? ಬಿಸಿ ಏರಿದಂತೆ ಕಿಣ್ವದ ಕೆಲಸವೂ ಚುರುಕಾಗಿ ಅಂಕಿ ಏರುತ್ತದೆ. ಐಸ್ ತುಂಡು ಹಾಕುತ್ತ, ಥರ್ಮಾಮೀಟರ್ ಕಾಯುತ್ತ ಕೂರುತ್ತಿದ್ದೆವು. ಪರವೂರಿನ ಪುಸ್ತಕದ ನಾರ್ಮಲ್ಲನ್ನು ನಮ್ಮ ಮೇ ತಿಂಗಳಿಗೆ ಹಾಗೇ ಹಚ್ಚಲಾಗದೆಂದು ಅಲ್ಲೇ ಕಲಿತೆ.

ದೂರದ್ದೂ ಒಂದು ಕಾಟ: ಬಳ್ಳಾರಿಯಿಂದ ಸಿರುಗುಪ್ಪ ಸುಮಾರು 55 ಕಿಲೋಮೀಟರ್. ಅಲ್ಲಿಂದ ಬಸ್ಸಿನಲ್ಲಿ ಕುಲುಕಿ ಬಂದ ರಕ್ತದಲ್ಲಿ ಕೆಂಪು ಕಣ ಒಡೆದು ಸೀರಮ್ ಕೆಂಪೇರಿದರೆ ಎಸ್‌ಜಿಒಟಿ ಸುಳ್ಳಾಗಿ ಏರುತ್ತದೆ, ಏಕೆಂದರೆ ಅದು ರಕ್ತಕಣದಲ್ಲೂ ಇದೆ. ಸ್ನಾಯುವಿನಲ್ಲೂ ಇದೆ. ಅಕ್ಕಿ ಗಿರಣಿಯಲ್ಲಿ ಹಗಲೆಲ್ಲ ಚೀಲ ಹೊತ್ತ ಹಮಾಲಿಯ ಎಸ್‌ಜಿಒಟಿ ಲಿವರ್ ಚೆನ್ನಾಗಿದ್ದರೂ ಏರಬಹುದು. ಎಸ್‌ಜಿಪಿಟಿ ಹೆಚ್ಚಾಗಿ ಲಿವರ್‌ನದೇ. ಹೆಂಡ ಕುಡಿದು ಕೆಟ್ಟ ಲಿವರ್‌ನಲ್ಲಿ ಸಾಮಾನ್ಯವಾಗಿ ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡು ಪಟ್ಟಿಗಿಂತ ಮೇಲಿರುತ್ತದೆ. ಆದ್ದರಿಂದ ಏನು ಕೆಲಸ ಮಾಡುತ್ತೀಯಪ್ಪಾ, ಏನು ಮಾತ್ರೆ ನುಂಗುತ್ತೀ, ಕುಡಿಯುತ್ತೀಯಾ ಎಂದು ಕೇಳದೆ ಅಂಕಿ ಓದುವುದು ಅನ್ಯಾಯ ಎಂದೇ ನನ್ನ ಭಾವನೆ.

ಈಗ ಆಟೋ ಅನಲೈಜರ್‌ಗಳು 340 ನ್ಯಾನೋಮೀಟರ್ ಬೆಳಕಿನಲ್ಲಿ ನಿಮಿಷಗಳಲ್ಲಿ ಎಣಿಸುತ್ತವೆ. ಬೇಸಿಗೆಯ ಕಾಟ ಹೋಯಿತು, ಗೆರೆಯ ಜಗಳ ಹೋಗಲಿಲ್ಲ. ಒಂದು ಲ್ಯಾಬಿನಲ್ಲಿ ಮೇಲ್ಮಿತಿ 40, ಇನ್ನೊಂದರಲ್ಲಿ 55. 2002ರಲ್ಲಿ ಇಟಲಿಯ ಪ್ರಾಟಿ ತಂಡ ರಕ್ತದಾನಿಗಳಲ್ಲಿ ನಿಜಕ್ಕೂ ಆರೋಗ್ಯವಂತರನ್ನಷ್ಟೇ ಆರಿಸಿ ಲೆಕ್ಕ ಹಾಕಿದಾಗ ಎಸ್‌ಜಿಪಿಟಿಯ ಮೇಲ್ಮಿತಿ ಗಂಡಸರಿಗೆ 30, ಹೆಂಗಸರಿಗೆ 19 ಬಂತು. ಹಳೆಯ ಗೆರೆ ಎಳೆಯಲು ಆರಿಸಿದ 'ಆರೋಗ್ಯವಂತ'ರಲ್ಲಿ ಲಿವರ್‌ಗೆ ಕೊಬ್ಬು ಸೇರಿದವರೂ ಇದ್ದರಲ್ಲ!

ಕಾಮಣಿಗೆ ನೆಲನೆಲ್ಲಿ ಅರೆದು ಕುಡಿದು, ಬರೆ ಹಾಕಿಸಿಕೊಂಡು, ಹೊಟ್ಟೆಯುಬ್ಬಿದ ಮೇಲೆ ಬರುವವರು ಇಂದಿಗೂ ಇದ್ದಾರೆ. ಅವರ ಎಸ್‌ಜಿಪಿಟಿ 30 ಇದ್ದರೂ ನನಗೆ ಸಮಾಧಾನವಿಲ್ಲ. ಲಿವರ್ ಪೂರ್ತಿ ಗಟ್ಟಿಯಾದರೆ ಕಿಣ್ವ ಸೋರಲು ಜೀವಕೋಶಗಳೇ ಕಡಿಮೆ ಉಳಿದಿರುತ್ತವೆ. ಅಂಥವರಿಗೆ ಲಿವರ್ ಎಷ್ಟು ಕೆಲಸ ಮಾಡುತ್ತಿದೆಯೆಂದು ತೋರುವ ಅಲ್ಬುಮಿನ್, ಪ್ರೋಥ್ರಾಂಬಿನ್ ಟೈಮ್ ಪರೀಕ್ಷೆಗಳನ್ನೂ ಅದೇ ದಿನ ಮಾಡಿಸಬೇಕು.