ಮೂವತ್ತಾರನೇ ಸಾಲು

2015ರ ಜನವರಿ 17ರಂದು ಬ್ಯೂನಸ್ ಐರಿಸ್‌ನಲ್ಲಿ ಡಕಾರ್ ರ್ಯಾಲಿ ಮುಗಿಯಿತು. ಬೈಕ್ ವಿಭಾಗ ಗೆದ್ದವರು ಸ್ಪೇನಿನ ಮಾರ್ಕ್ ಕೋಮಾ. ಬೆಂಗಳೂರಿನ ಸಿ.ಎಸ್. ಸಂತೋಷ್ ಅವರ ಹೆಸರು ಬೇಕಿದ್ದರೆ ಪಟ್ಟಿಯಲ್ಲಿ 36ನೇ ಸಾಲಿನವರೆಗೆ ಇಳಿಯಬೇಕು. ಕ್ರಿಕೆಟ್ ಸ್ಕೋರು ನೋಡಿ ಬೆಳೆದ ನಮಗೆ 36 ಎಂದರೆ ಸೋಲೇ. ಆದರೆ ಡಕಾರ್ ಅನ್ನು ಕೊನೆ ಮುಟ್ಟಿಸಿದ ಮೊದಲ ಭಾರತೀಯ ಬೈಕ್ ಸವಾರ ಇವರು. ಹೊರಟವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಆ ವರ್ಷ ಕೊನೆ ಮುಟ್ಟಲಿಲ್ಲ. ಪೋಲೆಂಡಿನ ಮಿಹಾವ್ ಹೆರ್ನಿಕ್ ಮೂರನೇ ಹಂತದಲ್ಲೇ ತೀರಿಕೊಂಡರು.

ಪ್ಯಾರಿಸ್ಸಿನಿಂದ ಸೆನೆಗಲ್‌ನ ಡಕಾರ್‌ಗೆ 1978ರ ಕೊನೆಗೆ ಹೊರಟ ಈ ಪಂದ್ಯ, ಭದ್ರತೆಯ ಭಯದಿಂದ 2008ರಲ್ಲಿ ರದ್ದಾಗಿ, ಮರುವರ್ಷ ದಕ್ಷಿಣ ಅಮೆರಿಕಕ್ಕೆ ಹೋಯಿತು, 2020ರಲ್ಲಿ ಸೌದಿ ಅರೇಬಿಯಾಕ್ಕೆ. ಹೆಸರು ಮಾತ್ರ ಹಳೆಯದೇ. ಸುಮಾರು ಎರಡು ವಾರ, ಸಾವಿರಾರು ಕಿಲೋಮೀಟರು. ಇದು ಬರೀ ವೇಗದ ಆಟವಲ್ಲ, ಓದುವ ಆಟ. ಆಗ ಹ್ಯಾಂಡಲ್ ಮೇಲೆ ಕಾಗದದ ಸುರುಳಿ ಇರುತ್ತಿತ್ತು, ಅದರಲ್ಲಿ ದೂರ, ತಿರುವು, ಗುಂಡಿಗಳ ಸಂಕೇತ. ಹಿಂದಿನ ಸಂಜೆ ಕೊಟ್ಟ ಸುರುಳಿಗೆ ಸವಾರರು ಬಣ್ಣದ ಪೆನ್ನಿನಿಂದ ಗುರುತು ಹಾಕಿಕೊಳ್ಳುತ್ತಿದ್ದರು. ಮರುದಿನ ಓಡಿಸುತ್ತಲೇ ಅದನ್ನು ಓದಬೇಕಿತ್ತು. ಗೊತ್ತುಮಾಡಿದ ಜಾಗವೊಂದು ತಪ್ಪಿದರೆ ದಂಡವಾಗಿ ಸಮಯ ಸೇರುತ್ತದೆ. ಆ ವರ್ಷ ಬೊಲಿವಿಯಾದ ಉಯೂನಿ ಉಪ್ಪುಬಯಲಿನಲ್ಲಿ ಮಳೆನೀರು ನಿಂತಿತ್ತು. ಉಪ್ಪುನೀರು ವೈರಿಂಗಿಗೆ ನುಗ್ಗಿ, ಮುಂಚೂಣಿಯಲ್ಲಿದ್ದ ಜುವಾನ್ ಬರೇಡಾ ಅವರ ಬೈಕೇ ಕೆಟ್ಟಿತು.

1983ರಲ್ಲಿ ಹುಟ್ಟಿದ ಸಂತೋಷ್ ಮೋಟೋಕ್ರಾಸ್, ಸೂಪರ್‌ಕ್ರಾಸ್ ಮೂಲಕ ಬಂದವರು. ಮೈಸೂರಿನಲ್ಲಿ 1961ರಿಂದ ಜಾವಾ, ಯೆಜ್ಡಿ ಬೈಕುಗಳನ್ನು ಕಟ್ಟಿದ ರಾಜ್ಯ ನಮ್ಮದು. ಆದರೂ ಟ್ರ್ಯಾಕ್ ರೇಸು ಎಂದರೆ ನಮ್ಮವರು ಚೆನ್ನೈ, ಕೊಯಮತ್ತೂರಿನ ಬಸ್ಸು ಹತ್ತಬೇಕು. ಸಂತೋಷ್ ಮಣ್ಣಿನಿಂದ ಮರಳಿಗೆ ಹೋದರು. 2013ರ ಅಬುಧಾಬಿ ಡೆಸರ್ಟ್ ಚಾಲೆಂಜ್‌ನಲ್ಲಿ ಅವರ ಬೈಕಿಗೆ ಬೆಂಕಿ ಹೊತ್ತಿ ಕುತ್ತಿಗೆ ಸುಟ್ಟಿತು. ಡಕಾರ್‌ಗೆ ಹೋದದ್ದು ಇದರ ನಂತರ.

ನಾನು ಶಾಸನಗಳನ್ನು ಓದುವ ವಿದ್ಯಾರ್ಥಿ. ನನ್ನೂರು ನೀಲಗುಂದದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ಗುಡಿಯಿದೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದೆದುರು ಕುಳಿತ ಅವನೇ. ಆ ಕಲ್ಲು ಬಿದ್ದವರಿಗೆ. ಗೆದ್ದ ಅರಸರಿಗೆ ಪ್ರಶಸ್ತಿಯ ಸಾಲುಗಳು. ಅದೇ ಕಾಳಗದಲ್ಲಿ ಹೋರಾಡಿ, ಗಾಯಗೊಂಡು, ಮನೆಗೆ ಬಂದು ಮತ್ತೆ ನೇಗಿಲು ಹಿಡಿದವನಿಗೆ ಕಲ್ಲಿಲ್ಲ. ಇದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ರೇಸಿನ ಫಲಿತಾಂಶ ಪಟ್ಟಿ ಈ ವಿಷಯದಲ್ಲಿ ನಮ್ಮ ಕಲ್ಲುಗಳಿಗಿಂತ ಉದಾರಿ ಅನ್ನಿಸುತ್ತದೆ. ಮುಗಿಸಿದ ಪ್ರತಿಯೊಬ್ಬರಿಗೂ ಅಲ್ಲಿ ಒಂದು ಸಾಲಿದೆ.

ಸಂತೋಷ್ ಅವರ ಸಾಲುಗಳು ಏರುಪೇರಿನವು. 2016ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. 2017ರಲ್ಲಿ ಹೀರೋ ತಂಡದಿಂದ 47, ಮರುವರ್ಷ 34. 2019ರಲ್ಲಿ ಬಿದ್ದು ಹೊರಬಂದರು. ಆ ಸಲ ಉಡುಪಿಯ ಕೆ.ಪಿ. ಅರವಿಂದ್ 37ನೆಯವರಾಗಿ ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದರು. 2020ರಲ್ಲಿ ಹೀರೋ ತಂಡದ ಪಾವ್ಲೊ ಗೊನ್ಸಾಲ್ವೆಸ್ ಏಳನೇ ಹಂತದಲ್ಲಿ ಸತ್ತಾಗ ಇಡೀ ತಂಡವೇ ಪಂದ್ಯದಿಂದ ಹಿಂದೆ ಸರಿಯಿತು. ಹನ್ನೆರಡು ತಿಂಗಳೂ ಕಳೆದಿರಲಿಲ್ಲ, ಸಂತೋಷ್ ಮತ್ತೆ ಅದೇ ಮರಳುಗಾಡಿನಲ್ಲಿ ಬೈಕ್ ಹತ್ತಿದ್ದರು.

2021ರ ಜನವರಿ 6, ನಾಲ್ಕನೇ ಹಂತ. ರಿಯಾದ್ ಕಡೆಗಿನ ದಾರಿಯಲ್ಲಿ ಬಿದ್ದು ತಲೆಗೆ ಪೆಟ್ಟಾಯಿತು. ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಒಯ್ದು, ವೈದ್ಯರು ಔಷಧಿಯಿಂದಲೇ ಪ್ರಜ್ಞೆ ತಪ್ಪಿಸಿ ಇಟ್ಟರು. ಆ ವರ್ಷದ ಅಂತಿಮ ಪಟ್ಟಿಯಲ್ಲಿ ಅವರಿಗೆ ಸ್ಥಾನವಿಲ್ಲ. ಅವರು ಚೇತರಿಸಿಕೊಂಡು ಊರಿಗೆ ಮರಳಿದರು. ಕೋಲಾರದ ಕಡೆ ಅವರು ಕಟ್ಟಿದ ಬಿಗ್‌ರಾಕ್ ಡರ್ಟ್ ಪಾರ್ಕಿನಲ್ಲಿ ಹೊಸಬರು ಮಣ್ಣಿನ ಮೇಲೆ ಬೈಕ್ ಓಡಿಸಲು ಕಲಿಯುತ್ತಾರೆ.